ಆನೆಯ ತಾಯ್ತನದಲ್ಲಿ ಧರ್ಮವುಂಟೆ?

ಹಸಿವು ನಿದ್ರೆಗಳಲ್ಲಿ ಮನುಷ್ಯನಿಗೂ ಪಶುವಿಗೂ ಭೇದವಿಲ್ಲವೆಂದೂ, ಧರ್ಮವೊಂದೇ ಮನುಷ್ಯನ ವಿಶೇಷವೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಹಾಗಾದರೆ ತಾಯಿಯ ವಾತ್ಸಲ್ಯವನ್ನು ಯಾವ ಪಂಕ್ತಿಯಲ್ಲಿಡಬೇಕು? ಅದು ಹಸಿವಿನಂತೆ ಕೇವಲ ಪ್ರಕೃತಿಯ ಪ್ರೇರಣೆಯೆ, ಅಥವಾ ಧರ್ಮದ ಅಂಶವೆ? ಕಾಡಾನೆಗಳು ಮರಿಗಳನ್ನು ಸಾಕುವ ಬಗೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಯ ಮೇಲೆ ಕೊಂಚ ಬೆಳಕು ಬೀಳುವುದು.

ಹೆಣ್ಣಾನೆಯು ಸುಮಾರು 22 ತಿಂಗಳು ಗರ್ಭವನ್ನು ಧರಿಸುವುದು. ಹುಟ್ಟಿದ ಮರಿಯ ತೂಕ ಹೆಚ್ಚುಕಡಮೆ 100 ಕಿಲೋಗ್ರಾಂ. ದೇಹವು ಇಷ್ಟು ದೊಡ್ಡದಾದರೂ ಅದರ ಅಸಹಾಯತೆ ಸಣ್ಣದಲ್ಲ. ಸೊಂಡಿಲನ್ನು ಬಳಸುವ ವಿದ್ಯೆ ಅದಕ್ಕೆ ಹುಟ್ಟಿನೊಡನೆ ಬಾರದು. ತಿಂಗಳುಗಟ್ಟಲೆ ಅಭ್ಯಾಸ ಬೇಕು. ತಾಯಿಯ ಹಾಲನ್ನು ಮೂರು ನಾಲ್ಕು ವರ್ಷಗಳವರೆಗೂ ಅದು ಬಿಡದು. ಈ ದೀರ್ಘ ಶೈಶವದಲ್ಲಿ ತಾಯಿ ಒಬ್ಬಂಟಿಗಳಲ್ಲ. ಆನೆಯ ಕುಟುಂಬವೆಂದರೆ ಹಿರಿಯಳೊಬ್ಬಳ ಸುತ್ತ ಸೇರಿದ ಅಕ್ಕತಂಗಿಯರು, ಹೆಣ್ಣುಮಕ್ಕಳು, ಮೊಮ್ಮಕ್ಕಳು. ಮರಿಯು ಕೆಸರಿನಲ್ಲಿ ಸಿಕ್ಕಿ ಕೂಗಿದರೆ, ಹೆತ್ತವಳಿಗಿಂತ ಮೊದಲು ಅಕ್ಕನೋ ಚಿಕ್ಕಮ್ಮನೋ ಓಡಿಬರುವುದುಂಟು.

ಕೀನ್ಯಾ ದೇಶದ ಅಂಬೊಸೆಲಿ ಎಂಬಲ್ಲಿ ಸಿಂಥಿಯಾ ಮಾಸ್ ಎಂಬ ವಿದುಷಿಯು 1972ರಲ್ಲಿ ಆನೆಯ ಕುಟುಂಬಗಳನ್ನು ಒಂದೊಂದಾಗಿ ಗುರುತಿಸಿ ಅಭ್ಯಾಸ ಮಾಡಲು ಆರಂಭಿಸಿದರು. ಅವರು ಎಕೋ ಎಂದು ಹೆಸರಿಟ್ಟಿದ್ದ ಹಿರಿಯ ಆನೆ 1990ರಲ್ಲಿ ಒಂದು ಗಂಡುಮರಿಯನ್ನು ಹೆತ್ತಿತು. ಮರಿಯ ಮುಂಗಾಲುಗಳು ಮಡಿಸಿಕೊಂಡಿದ್ದು, ಅದು ನಿಲ್ಲಲಾರದೆ ತೆವಳುತ್ತಿತ್ತು. ಉಳಿದವರು ಮುಂದೆ ಸಾಗಿದರೂ ಎಕೋ ಕದಲಲಿಲ್ಲ. ಸೊಂಡಿಲಿನಿಂದಲೂ ಕಾಲಿನಿಂದಲೂ ಮರಿಯನ್ನು ಎತ್ತಲು ಮತ್ತೆ ಮತ್ತೆ ಯತ್ನಿಸಿತು. ಜೊತೆಯಲ್ಲಿ ನಿಂತವಳು ಎನಿಡ್ ಎಂಬ ಮಗಳು, ಇನ್ನೂ ತಾಯಾಗದ ಎಳೆಯ ಹೆಣ್ಣು. ಮೂರನೆಯ ದಿನ ಮರಿಯ ಕಾಲುಗಳು ನೆಟ್ಟಗಾಗಿ, ಅದು ಎದ್ದು ನಿಂತಿತು.

ಇದೂ ಪ್ರಕೃತಿಯ ವ್ಯಾಪಾರವೇ, ಇದರಲ್ಲಿ ಧರ್ಮವೆಲ್ಲಿ, ಎಂದು ಪೂರ್ವಪಕ್ಷಿಯು ಕೇಳಬಹುದು. ಎದೆಯಲ್ಲಿ ಹಾಲು ತುಂಬುವುದು ಪ್ರಕೃತಿಯೆಂಬುದನ್ನು ಒಪ್ಪೋಣ. ಆದರೆ ಎನಿಡಳಿಗೆ ಹಾಲಿರಲಿಲ್ಲ, ಹೆತ್ತ ನೋವಿರಲಿಲ್ಲ. ಹಿಂಡಿನೊಡನೆ ಹೋಗುವ ದಾರಿ ತೆರೆದಿತ್ತು. ಎರಡು ದಾರಿಗಳಿದ್ದಲ್ಲಿ ಕಷ್ಟದ್ದನ್ನು ಪರರಿಗಾಗಿ ಹಿಡಿಯುವುದೇ ಧರ್ಮದ ಲಕ್ಷಣವಲ್ಲವೆ? ಆ ಆನೆಗೆ ಅದು ಧರ್ಮವೆಂದು ತಿಳಿದಿತ್ತೋ ಇಲ್ಲವೋ, ಧರ್ಮದ ಆಕಾರವಂತೂ ಅಲ್ಲಿತ್ತು.

ತಾಯ್ತನಕ್ಕೆ ವಾತ್ಸಲ್ಯವೊಂದೇ ಸಾಲದು, ಅರಿವೂ ಬೇಕು. 1993ರಲ್ಲಿ ಟಾಂಜಾನಿಯಾದ ತಾರಂಗಿರೆ ಅರಣ್ಯಕ್ಕೆ ಘೋರವಾದ ಕ್ಷಾಮ ಬಂದಿತು. ಒಂಬತ್ತು ತಿಂಗಳಲ್ಲಿ, ಎಣಿಕೆಯಲ್ಲಿದ್ದ 81 ಮರಿಗಳಲ್ಲಿ 16 ಸತ್ತವು. ಅಲ್ಲಿನ ಮೂರು ಬಳಗಗಳ ಪೈಕಿ ಎರಡು ಅರಣ್ಯವನ್ನು ಬಿಟ್ಟು ಬೇರೆಡೆಗೆ ನಡೆದವು. ಮೂರನೆಯದು ಅಲ್ಲಿಯೇ ಉಳಿಯಿತು. ಸತ್ತ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದವರವು. ಆ ಬಳಗದ ಹಿರಿಯ ಹೆಣ್ಣುಗಳನ್ನು ದಂತಚೋರರು ಹಿಂದಿನ ವರ್ಷಗಳಲ್ಲಿಯೇ ಕೊಂದಿದ್ದರು. ಹಳೆಯ ಕ್ಷಾಮವನ್ನು ಕಂಡ ಮುದುಕಿಯರಿದ್ದಿದ್ದರೆ ದಾರಿ ತೋರುತ್ತಿದ್ದರೆಂದು ಇದನ್ನು ಅಭ್ಯಸಿಸಿದವರು ಊಹಿಸಿರುವರು. ಎಳೆಯ ತಾಯಂದಿರಲ್ಲಿ ಪ್ರೀತಿಗೆ ಕೊರತೆಯಿತ್ತೆಂದು ಹೇಳಲಾಗದು. ಕೊರತೆಯಾದುದು ಅಜ್ಜಿಯ ನೆನಪು.

ನಮ್ಮ ಕಾಕನಕೋಟೆಯಲ್ಲಿಯೂ 1971ರವರೆಗೆ ಖೆಡ್ಡಾಗಳು ನಡೆದವು. ಹಿಂಡನ್ನೇ ಹಿಡಿದು ಆನೆಗಳನ್ನು ಮಾರುತ್ತಿದ್ದರು. ಉತ್ಸವದಂತೆ ನೋಡಲು ಹೋದವರು ತಲೆಗಳನ್ನು ಎಣಿಸಿದರು. ಯಾರ ಅಜ್ಜಿ ಯಾರಿಂದ ಅಗಲಿದಳೆಂದು ಎಷ್ಟು ಮಂದಿ ಕೇಳಿದರು?

ಆದುದರಿಂದ ಹಿರಿಯ ಹೆಣ್ಣಾನೆಯೊಂದನ್ನು ಕೊಲ್ಲುವವನು ಒಂದು ಜೀವವನ್ನು ಮಾತ್ರ ಕೊಂದಂತಲ್ಲ. ಮುಂದಿನ ಬರಗಾಲದ ಮರಿಗಳನ್ನೂ ಕೊಂದಂತೆ. ಧರ್ಮವು ಮನುಷ್ಯನೊಬ್ಬನ ಸೊತ್ತೆಂಬ ಹೆಮ್ಮೆ ನಮಗಿರುವುದಾದರೆ, ಆನೆಯ ಮನೆಯನ್ನು ಮುರಿಯದಿರುವುದರಲ್ಲಿ ಅದನ್ನು ಮೊದಲು ತೋರಿಸೋಣ.