ಅಂಗಡಿಯ ಬಗ್ಗೆ ಆಡುವ ಮಾತೂ ಒಂದು ಸಾಕ್ಷ್ಯ

“ಆ ಅಂಗಡಿಗೆ ಹೋಗಬ್ಯಾಡ್ರಿ, ತೂಕದಾಗ ಹೊಡೀತಾನ.” “ಆ ದವಾಖಾನಿ ಚಲೋ ಇಲ್ಲ.” “ಆ ಕಚೇರ್ಯಾಗ ಕೈ ಬೆಚ್ಚಗೆ ಮಾಡದ ಕಾಗದ ಸರಿಯೂದಿಲ್ಲ.”

ಆಳಂದದ ಬಸ್ ನಿಲ್ದಾಣದಲ್ಲಾಗಲಿ, ಅಫಜಲಪುರದ ಸಂತೆಯಲ್ಲಾಗಲಿ, ಜೇವರ್ಗಿಯ ಚಹಾದಂಗಡಿಯಲ್ಲಾಗಲಿ ಹತ್ತು ನಿಮಿಷ ನಿಂತರೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ. ನಾವೂ ಆಡುತ್ತೇವೆ. ಆದರೆ ಹೀಗೆ ಆಡುವಾಗ ನಾವು ಮಾಡುತ್ತಿರುವುದು ಏನು? ಜನರಿಗೆ ಉಪಕಾರವೇ? ಅಥವಾ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಪವಿತ್ರ ಕುರ್‌ಆನ್ ಹೋಲಿಸಿರುವ ಪರದೂಷಣೆಯೇ? ಮಾನ್ಯ ಓದುಗರೇ, ಈ ಪ್ರಶ್ನೆಯನ್ನು ನನ್ನ ಎರಡು ತಪ್ಪುಗಳ ಮೂಲಕವೇ ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಿರಾಣಿ ಅಂಗಡಿಯಿಂದ ಐದು ಕಿಲೋ ತೊಗರಿಬೇಳೆ ತಂದೆ. ಮನೆಯ ಹಳೆಯ ತಕ್ಕಡಿಯಲ್ಲಿ ತೂಗಿದರೆ ಕಾಲು ಕಿಲೋ ಕಡಿಮೆ. ಅಸರ್ ನಮಾಜಿನ ಬಳಿಕ ಮಸೀದಿಯ ಅಂಗಳದಲ್ಲಿ ನಾಲ್ಕು ಜನರಿಗೆ ಹೇಳಿದೆ. ಅವರು ಇನ್ನು ನಾಲ್ವರಿಗೆ ಹೇಳಿದರು. ತಿಂಗಳ ನಂತರ ಒಂದು ಕಿಲೋ ಸಕ್ಕರೆಯ ಸೀಲು ಮಾಡಿದ ಪೊಟ್ಟಣವನ್ನು ಅದೇ ತಕ್ಕಡಿಯಲ್ಲಿಟ್ಟೆ. ಐವತ್ತು ಗ್ರಾಂ ಕಡಿಮೆ ತೋರಿಸಿತು. ಮತ್ತೊಂದು ಪೊಟ್ಟಣ ಇಟ್ಟೆ, ಅದೂ ಅಷ್ಟೇ. ಸುಳ್ಳು ಹೇಳುತ್ತಿದ್ದದ್ದು ನನ್ನ ಮನೆಯ ತಕ್ಕಡಿ! ಅಂಗಡಿಯವರ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಭಾಯಿ, ಅವತ್ತೇ ಬಂದು ಕೇಳಿದ್ರ ನಿಮ್ಮ ಮುಂದೇ ತೂಗಿ ತೋರಿಸ್ತಿದ್ದೆ” ಎಂದರು. ನಾನು ಹೇಳಿದ ನಾಲ್ವರಿಗೆ ನಿಜ ತಿಳಿಸಿದೆ. ಆದರೆ ಅವರಿಂದ ಕೇಳಿದವರು ಯಾರು ಯಾರು? ಅವರಿಂದ ಮುಂದೆ ಕೇಳಿದವರು ಯಾರು? ಆ ಲೆಕ್ಕ ಇಂದಿಗೂ ನನ್ನ ಬಳಿ ಇಲ್ಲ. ಅದು ಇರುವ ಗ್ರಂಥ ಬೇರೆ.

ಎರಡನೆಯದು ಇದಕ್ಕೆ ವಿರುದ್ಧವಾದ ತಪ್ಪು. ನೆರೆಯ ವಿಧವೆಯೊಬ್ಬರು, ನಾವು ಖಾಲಾ ಎಂದು ಕರೆಯುವವರು, ಪಿಂಚಣಿಯ ಕಾಗದಗಳನ್ನು ಹಿಡಿದುಕೊಂಡು ಬಂದರು. “ಬೇಟಾ, ಆ ಮನಷ್ಯಾನ ಕೈಯಾಗ ಕೊಡಲೇನು? ಕೆಲಸ ಮಾಡಿಸಿ ಕೊಡ್ತೀನಿ ಅಂತಾನ” ಎಂದು ಕೇಳಿದರು. ಆತ ಇಬ್ಬರಿಂದ ಹಣ ಪಡೆದು ಕೆಲಸ ಮಾಡಿಸದೆ ತಿರುಗಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಆತ ನಮಾಜಿನಲ್ಲಿ ನನ್ನ ಪಕ್ಕದಲ್ಲಿ ನಿಲ್ಲುವವನು. “ನಿಮಗೆ ಬಿಟ್ಟದ್ದು ಖಾಲಾ” ಎಂದುಬಿಟ್ಟೆ. ಬಟ್ಟೆ ಹೊಲಿದು ಕೂಡಿಟ್ಟ ಅವರ ಹಣ ಹೋಯಿತು. ಪರದೂಷಣೆಯ ಭಯದಿಂದ ಸುಮ್ಮನಿದ್ದೆನೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ತಖ್ವಾ ಆಗಿರಲಿಲ್ಲ, ಬರೀ ಮುಲಾಜು.

ಮೊದಲ ಸಲ ತಿಳಿಯದೆ ಮಾತಾಡಿದೆ. ಎರಡನೆಯ ಸಲ ತಿಳಿದೂ ಬಾಯಿ ಮುಚ್ಚಿಕೊಂಡೆ. ಎರಡರಲ್ಲೂ ಒಬ್ಬ ಅಮಾಯಕರಿಗೆ ನಷ್ಟವಾಯಿತು.

ಇಸ್ಲಾಮ್ ಈ ಎರಡನ್ನೂ ತಡೆಯುತ್ತದೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ ನಿರಪರಾಧಿಗಳಿಗೆ ಹಾನಿ ಮಾಡಬೇಡಿರೆಂದು ಎಚ್ಚರಿಸುವ ಕುರ್‌ಆನ್, ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವು ಪಾಪಿಯೆಂದೂ ಹೇಳುತ್ತದೆ. ಫಾತಿಮಾ ಬಿಂತ್ ಖೈಸ್(ರ) ತಮಗೆ ಬಂದ ಎರಡು ಮದುವೆ ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಮುಲಾಜು ನೋಡಲಿಲ್ಲ. ಒಬ್ಬರ ಬಡತನವನ್ನೂ ಇನ್ನೊಬ್ಬರ ಕಠಿಣ ಸ್ವಭಾವವನ್ನೂ ಸ್ಪಷ್ಟವಾಗಿ ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇಮಾಮ್ ನವವಿಯವರು ‘ರಿಯಾದುಸ್ಸಾಲಿಹೀನ್’ನಲ್ಲಿ ಇನ್ನೊಬ್ಬರ ದೋಷವನ್ನು ಹೇಳಬಹುದಾದ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅನ್ಯಾಯಕ್ಕೊಳಗಾದವನ ದೂರು ಅವುಗಳಲ್ಲೊಂದು. ಜನರನ್ನು ಹಾನಿಯಿಂದ ಎಚ್ಚರಿಸುವುದು ಇನ್ನೊಂದು.

ಹಾಗಾದರೆ ಅಂಗಡಿ, ಗಿರಣಿ, ದವಾಖಾನೆ, ಕಚೇರಿಗಳ ಬಗ್ಗೆ ಮಾತಾಡುವ ಮುನ್ನ ನಮ್ಮನ್ನು ನಾವೇ ಏನು ಕೇಳಿಕೊಳ್ಳಬೇಕು?

ನಾನು ಕಂಡದ್ದೇ, ಕೇಳಿದ್ದೇ? ಒಬ್ಬನು ಇನ್ನೊಬ್ಬನನ್ನು ಒಳ್ಳೆಯವನೆಂದು ಹೊಗಳಿದಾಗ ಉಮರ್(ರ) ಅವರು, ನೀನು ಅವನ ನೆರೆಯವನೇ, ಅವನೊಂದಿಗೆ ಪ್ರಯಾಣ ಮಾಡಿರುವೆಯಾ, ಹಣದ ವ್ಯವಹಾರ ಮಾಡಿರುವೆಯಾ ಎಂದು ವಿಚಾರಿಸಿದ್ದಾಗಿ ವರದಿಯಾಗಿದೆ. ಹೊಗಳಿಕೆಗೇ ಇಷ್ಟು ವಿಚಾರಣೆಯಾದರೆ ತೆಗಳಿಕೆಗೆ ಎಷ್ಟಿರಬೇಕು?

ಮೊದಲು ಅವರನ್ನೇ ಕೇಳಿದೆನೇ? ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈಹಾಕಿ ಒಳಗಿನ ಹಸಿಯನ್ನು ಕಂಡಾಗ, ಅಲ್ಲೇ ಆ ವ್ಯಾಪಾರಿಯನ್ನೇ ಪ್ರಶ್ನಿಸಿದರು. ಅವನ ಉತ್ತರ ಕೇಳಿದರು. ಆಮೇಲೆಯೇ ವಂಚಕನು ನಮ್ಮವನಲ್ಲವೆಂದು ತೀರ್ಪು ನೀಡಿದರು.

ನನ್ನ ಸ್ವಾರ್ಥ ಇದರಲ್ಲಿ ಬೆರೆತಿದೆಯೇ? ಆ ಅಂಗಡಿಯಲ್ಲಿ ನನ್ನ ಉದ್ರಿ ಬಾಕಿ ಇದೆಯೇ? ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವೆಂದು ಕುರ್‌ಆನ್ ಹೇಳಿದೆ. ಉದ್ರಿ ತೀರಿಸದೆ ಅಂಗಡಿ ಬದಲಿಸಿ, ಹಳೆಯ ಅಂಗಡಿಯನ್ನು ದೂರುವವನು ಈ ಎಚ್ಚರಿಕೆಯಿಂದ ಹೊರಗಿದ್ದಾನೆಯೇ?

ವ್ಯಾಪಾರಿ ‘ನಮ್ಮವ’ನಾಗಿದ್ದರೂ ಹೀಗೆಯೇ ಹೇಳುತ್ತಿದ್ದೆನೇ? ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯವನ್ನು ಬಿಡುವಂತೆ ಮಾಡದಿರಲಿ ಎಂಬುದು ಅಲ್ಲಾಹನ ಆಜ್ಞೆ. ಲಾಡ್ಲೆ ಮಶಾಯಖರ ದರ್ಗಾ ಇರುವ ಆಳಂದ, ದತ್ತಾತ್ರೇಯರ ಗಾಣಗಾಪುರ ಇರುವ ಅಫಜಲಪುರ ತಾಲೂಕು, ಇಲ್ಲೆಲ್ಲ ಎಲ್ಲ ಧರ್ಮದವರೂ ಒಂದೇ ಪೇಟೆಯಲ್ಲಿ ಕೊಟ್ಟುಕೊಂಡು ಬದುಕುವವರು. ಮುಸ್ಲಿಮನ ತಕ್ಕಡಿಗೊಂದು ನಾಲಿಗೆ, ಬೇರೆಯವರ ತಕ್ಕಡಿಗೆ ಇನ್ನೊಂದು ನಾಲಿಗೆ ಇಟ್ಟುಕೊಳ್ಳುವುದು ಸಾಕ್ಷಿಗೆ ಸಲ್ಲದು.

ಹೆಸರು ಕೂಡ ಒಂದು ಸೊತ್ತು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಂದರೆ ಊರಿನ ಹೆಸರಿಗೆ ಬೆಲೆಯಿದೆ, ಬೇರೆಯವರು ಅದನ್ನು ಕದಿಯಬಾರದು ಎಂದು ಕಾನೂನೇ ಒಪ್ಪಿತು. ಸಣ್ಣ ಅಂಗಡಿಯವನ ಬಂಡವಾಳವೂ ಅವನ ಹೆಸರೇ. ಅದನ್ನು ಸುಳ್ಳು ಮಾತಿನಿಂದ ಕೆಡಿಸಿದರೆ ಅವನ ಗಲ್ಲಾಪೆಟ್ಟಿಗೆಗೆ ಕೈಹಾಕಿದಂತೆ.

ಇನ್ನು ದೂರು ನಿಜವಾಗಿದ್ದರೆ? ಆಗ ಚಹಾದಂಗಡಿಯಲ್ಲಿ ಗೊಣಗುವುದರಿಂದ ಯಾರಿಗೂ ಲಾಭವಿಲ್ಲ. ವ್ಯಾಪಾರಿಗಳು ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮೋಸ ಕಂಡರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಿ. ಕಚೇರಿಯ ಕೆಲಸಕ್ಕೆ 2011ರ ಸಕಾಲ ಕಾಯ್ದೆಯಿದೆ. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಪಡೆಯಿರಿ, ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಈ ದಾರಿ ಅಂದು ಖಾಲಾಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ.

ಮತ್ತೊಂದು ಮಾತು. ಒಳಿತಿನ ಸಾಕ್ಷ್ಯವನ್ನೂ ನಾವು ಬಚ್ಚಿಡುತ್ತೇವೆ. ನಡುರಾತ್ರಿ ಬಾಗಿಲು ತೆರೆದು ಔಷಧಿ ಕೊಟ್ಟವರು, ಓಡಿಬರುವ ಮುದುಕಿಗಾಗಿ ಬಸ್ಸು ನಿಲ್ಲಿಸಿದ ಚಾಲಕ, ಲಂಚ ಮುಟ್ಟದ ಗುಮಾಸ್ತ, ಇವರ ಬಗ್ಗೆ ಎಷ್ಟು ಜನರಿಗೆ ಹೇಳಿದ್ದೇವೆ?

ನಾಳೆ ಯಾರಾದರೂ ನಿಮ್ಮನ್ನು, “ಆ ಅಂಗಡಿ ಹ್ಯಾಂಗದ ರೀ?” ಎಂದು ಕೇಳುತ್ತಾರೆ. ಉತ್ತರಿಸುವ ಮುನ್ನ ಒಂದು ಕ್ಷಣ ತಡೆಯಿರಿ. ಆ ಅಂಗಡಿಯವನೂ ಕೇಳಿದವನೂ ನಿಮ್ಮ ಎಡಬಲದಲ್ಲಿ ನಿಂತಿರುವ, ಅಲ್ಲಾಹನು ಎದುರಿಗೆ ವಿಚಾರಿಸುತ್ತಿರುವ ದಿನವೊಂದಿದೆ. ಅಂದು ನಿಲ್ಲಬಲ್ಲ ಉತ್ತರವನ್ನೇ ಇಂದೂ ಕೊಡಿ.