ಜಠರದೊಳಗೆ ಪಾಪದ ಲೆಕ್ಕವಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದರೆ ಎರಡು ಮಾತು ಕೇಳಿಬರುತ್ತವೆ. ಹಿರಿಯರು ‘ಪಡಕೊಂಡು ಬಂದದ್ದು, ಉಣ್ಣಲೇಬೇಕು’ ಎನ್ನುತ್ತಾರೆ. ಓದಿದವರು ‘ಇಮ್ಯುನಿಟಿ ಕಮ್ಮಿ ಇತ್ತು, ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲ’ ಎನ್ನುತ್ತಾರೆ. ಎರಡನೆಯದು ಹಳೆಯ ಕರ್ಮವಾದವೇ ಹೊಸ ಅಂಗಿ ತೊಟ್ಟು ಬಂದದ್ದು. ಎರಡರಲ್ಲೂ ತಪ್ಪಿತಸ್ಥ ರೋಗಿಯೇ. ರೋಗನಿರೋಧಕ ಕೋಶಗಳು ಜಠರದಲ್ಲಿ ನಿಜಕ್ಕೂ ಏನು ಮಾಡುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಎರಡು ತೀರ್ಪುಗಳೂ ನಿಲ್ಲುವುದಿಲ್ಲ.

ಜಠರದ ಒಳಪದರದ ಪ್ರತಿ ಕೋಶವೂ ತನ್ನೊಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಹೊರಮೈಗೆ ತಂದು ತೋರಿಸುತ್ತಿರುತ್ತದೆ. ಟಿ ಕೋಶ ಎಂಬ ರೋಗನಿರೋಧಕ ಕೋಶ ಅವುಗಳನ್ನು ಮುಟ್ಟಿ ನೋಡುತ್ತದೆ. ಪರಿಚಿತ ಚೂರಾದರೆ ಮುಂದೆ ಸಾಗುತ್ತದೆ. ವಂಶವಾಹಿ ಕೆಟ್ಟು ರೂಪ ಬದಲಾದ ಚೂರು ಸಿಕ್ಕರೆ ಆ ಕೋಶಕ್ಕೆ ಮೈಹಚ್ಚಿ ನಿಂತು, ಪರ್ಫೋರಿನ್‌ನಿಂದ ಅದರ ಪೊರೆಗೆ ತೂತು ಕೊರೆದು, ಗ್ರಾನ್‌ಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ, ಕೋಶ ಸಾಯುತ್ತದೆ. ಆದರೆ ಗಡ್ಡೆಯ ಕೋಶ ಪಿಡಿ-ಎಲ್1 ಎಂಬ ಪ್ರೋಟೀನನ್ನು ಚಾಚಿ ಟಿ ಕೋಶದ ಮೇಲಿನ ಪಿಡಿ-1 ಎಂಬ ಪ್ರೋಟೀನಿಗೆ ತಾಗಿಸಿತೆಂದರೆ, ಕೊಲ್ಲಲು ಬಂದದ್ದು ತಣ್ಣಗಾಗಿಬಿಡುತ್ತದೆ. ಪಿಡಿ-1 ಕೆಟ್ಟದ್ದೇನಲ್ಲ, ನಮ್ಮ ಅಂಗಾಂಗಗಳ ಮೇಲೆ ನಮ್ಮದೇ ಕೋಶಗಳು ಎರಗದಂತೆ ತಡೆಯುವುದು ಅದೇ. ಇಂಥ ತಡೆಗಳನ್ನು ತೆಗೆದು ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ದಾರಿ ತೋರಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ರೋಗಿಗೆ ಎಷ್ಟೇ ಎದೆಗಾರಿಕೆಯಿದ್ದರೂ ಆ ಎರಡು ಪ್ರೋಟೀನುಗಳ ಹಿಡಿತ ಅದರಿಂದ ಸಡಿಲವಾಗದು.

ಪಾಪಕ್ಕೆ ತಕ್ಕ ಶಿಕ್ಷೆ ಎಂಬ ಲೆಕ್ಕವಂತೂ ಇಲ್ಲಿ ತಲೆಕೆಳಗಾಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 295 ಜಠರದ ಗಡ್ಡೆಗಳ ವಂಶವಾಹಿಗಳನ್ನು ಓದಿತು. ಸುಮಾರು ಶೇ. 22ರಷ್ಟು ಗಡ್ಡೆಗಳಲ್ಲಿ ಡಿಎನ್‌ಎ ತಿದ್ದುವ ವ್ಯವಸ್ಥೆಯೇ ಕೈಕೊಟ್ಟು ತಪ್ಪುಗಳು ರಾಶಿ ಬಿದ್ದಿದ್ದವು. ತಪ್ಪು ಹೆಚ್ಚಿದಷ್ಟೂ ಅಪರಿಚಿತ ಚೂರುಗಳು ಹೆಚ್ಚು, ಟಿ ಕೋಶಕ್ಕೆ ಗುರುತು ಹಿಡಿಯುವುದು ಸಲೀಸು. ಪಿಡಿ-1 ತಡೆ ತೆಗೆಯುವ ಔಷಧಕ್ಕೆ ಚೆನ್ನಾಗಿ ಬಗ್ಗುವುದು ಈ ತಪ್ಪು ತುಂಬಿದ ಗಡ್ಡೆಗಳೇ. ಇನ್ನು ಇಮ್ಯುನಿಟಿ ಹೆಚ್ಚಿದ್ದರೆ ಒಳ್ಳೆಯದು ಎಂಬ ಮಾತು. ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಬೆಳೆಸಿ ತೋರಿಸಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಾಲ್ಯದಲ್ಲೇ ಹೊಟ್ಟೆ ಸೇರುತ್ತದೆ. ಅದನ್ನು ಓಡಿಸಲು ಬಂದ ರೋಗನಿರೋಧಕ ಕೋಶಗಳು ಓಡಿಸಲೂ ಆಗದೆ, ಬಿಟ್ಟುಹೋಗಲೂ ಆಗದೆ ದಶಕಗಟ್ಟಲೆ ಉರಿಯೂತ ನಡೆಸುತ್ತವೆ. ಒಳಪದರ ಸವೆದು, ರೂಪ ಬದಲಿಸಿ, ಕೊನೆಗೆ ಕೆಲವರಲ್ಲಿ ಕ್ಯಾನ್ಸರ್ ಹುಟ್ಟುವುದು ಆ ಉರಿಯಲ್ಲೇ. ಕಾಯುವ ಕೋಶವೇ ಕೆಡಿಸುವ ಕೆಲಸದಲ್ಲೂ ಪಾಲುದಾರ. ಇಂಥಲ್ಲಿ ಧರ್ಮ-ಅಧರ್ಮದ ಯುದ್ಧವನ್ನು ಕಾಣುವುದಾದರೂ ಹೇಗೆ?

ಕರ್ಮವನ್ನು ನಂಬುವವರು ಸುಮ್ಮನಿರಲಾರರು. ‘ಔಷಧ ಹತ್ತಿದ್ದೂ ಪುಣ್ಯದಿಂದ, ಹತ್ತದಿದ್ದರೆ ಪಾಪದಿಂದ’ ಎಂದಾರು. ಆದರೆ ಗೆದ್ದರೂ ಸೋತರೂ ಹೊಂದುವ ವಿವರಣೆ ಎರಡರ ಬಗೆಗೂ ಏನನ್ನೂ ಹೇಳಿದಂತಾಗುವುದಿಲ್ಲ. ನಂಬಿಕೆಯಿಂದ ಸಮಾಧಾನ ಸಿಗುತ್ತದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ನೋವಿನಲ್ಲಿದ್ದವರ ಆಸರೆಯನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೂ ಆ ಸಮಾಧಾನದ ಜೊತೆಗೆ ಅಪರಾಧಭಾವವೂ ಬರುತ್ತದೆ. ಎದೆ ಉರಿ, ಊಟ ಸೇರದಿರುವುದು, ಕಪ್ಪು ಮಲ, ತೂಕ ಇಳಿಯುವುದು ಎಲ್ಲವನ್ನೂ ಸಹಿಸಿಕೊಂಡು ಕೂತವರಿಗೆ ಎಂಡೋಸ್ಕೋಪಿ ತಡವಾಗುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ವಚನಗಳಲ್ಲೂ ಕರ್ಮ, ಭವಗಳ ಮಾತು ಮತ್ತೆ ಮತ್ತೆ ಬರುತ್ತದೆ, ನಿಜ. ಆದರೆ ಹುಟ್ಟನ್ನು ನೋಡಿ ಮನುಷ್ಯನ ಬೆಲೆ ಕಟ್ಟುವುದನ್ನು ಅವರು ಒಪ್ಪಲಿಲ್ಲ. ರೋಗವನ್ನು ನೋಡಿ ಬೆಲೆ ಕಟ್ಟುವುದನ್ನು ನಾವು ಅವರ ನೆಲದಲ್ಲೇ ಒಪ್ಪಿಕೊಂಡಿದ್ದೇವೆ, ಇದು ನನಗೆ ತೀರ ನೋವಿನ ಸಂಗತಿ.

ತಂಬಾಕು, ಅತಿಯಾದ ಉಪ್ಪು ಇವು ಮಾಡಿಕೊಂಡದ್ದೇ ತಾನೆ ಎಂದು ಕೇಳಬಹುದು. ಅಪಾಯ ಹೆಚ್ಚುವುದು ಖಂಡಿತ, ತಂಬಾಕನ್ನು ಬಿಡಲೇಬೇಕು. ಆದರೆ ಕಾರಣ ಬೇರೆ, ಶಿಕ್ಷೆ ಬೇರೆ. ಕಾರಣವನ್ನು ತಪ್ಪಿಸಬಹುದು. ‘ಅಪ್ಪನಿಗಿತ್ತು, ಮಗನಿಗೂ ಬಂತು, ಮನೆತನದ ಹಣೆಬರಹ’ ಎಂಬಲ್ಲಿಯೂ ವಂಶವಾಹಿಯ ಜೊತೆಗೆ ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬಿದ ಪೈಲೋರಿ ಬ್ಯಾಕ್ಟೀರಿಯಾ ಇರಬಹುದು. ಕೊರಿಯಾದಲ್ಲಿ ಹೆತ್ತವರಿಗೋ ಒಡಹುಟ್ಟಿದವರಿಗೋ ಜಠರದ ಕ್ಯಾನ್ಸರ್ ಬಂದಿದ್ದು, ತಮಗೂ ಈ ಸೋಂಕಿದ್ದವರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸುಮಾರು ಒಂಬತ್ತು ವರ್ಷಗಳಲ್ಲಿ, ಬರೀ ಏಳು ದಿನ ಸೋಂಕಿನ ಔಷಧ ಪಡೆದವರ ಪೈಕಿ ಶೇ. 1.2ರಷ್ಟು ಮಂದಿಗೆ ಕ್ಯಾನ್ಸರ್ ಬಂತು, ಪಡೆಯದವರ ಪೈಕಿ ಶೇ. 2.7ರಷ್ಟು ಮಂದಿಗೆ.