ಬೀದಿಯ ಮೇಲಿನ ತಂತಿ
ಕುವೆಂಪುನಗರದ ಬೀದಿಗಳಲ್ಲಿ ತಲೆಯೆತ್ತಿ ನೋಡಿ. ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ಕೇಬಲ್ ತಂತಿ. ಕಂಬವೂ ಮರವೂ ಎಲ್ಲರದ್ದು. ಇವುಗಳನ್ನು ಬಳಸಲು ಬಿಟ್ಟು ಪ್ರತಿಯಾಗಿ ಪಡೆದದ್ದೇನೆಂದು ನಾವು ಎಂದಾದರೂ ಕೇಳಿದ್ದೇವೆಯೇ?

1995ರ ಕೇಬಲ್ ಕಾಯ್ದೆಯಡಿ ಆಪರೇಟರು ಪ್ರಧಾನ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುತ್ತಿದ್ದರು. 2025ರ ಜನವರಿಯಲ್ಲಿ ಅದು ಆನ್‌ಲೈನ್ ಆಯಿತು. ಅವಧಿ ಐದು ವರ್ಷವಾಯಿತು. ಬೀದಿಯವರ ಮಾತಿಗೆ ಅಲ್ಲಿ ಆಗಲೂ ಜಾಗವಿರಲಿಲ್ಲ, ಈಗಲೂ ಇಲ್ಲ. ದೂರದರ್ಶನದ ಕೆಲವು ವಾಹಿನಿಗಳನ್ನು ತೋರಿಸಲೇಬೇಕೆಂಬ ನಿಯಮವೇನೋ ಇದೆ. ಅದು ದೆಹಲಿಯ ಷರತ್ತು, ಮೈಸೂರಿನದಲ್ಲ.

ಅಮೆರಿಕದ ಅನೇಕ ನಗರಗಳಲ್ಲಿ ಲೈಸೆನ್ಸ್ ನವೀಕರಣವೆಂದರೆ ನಗರಾಡಳಿತವೂ ಕಂಪೆನಿಯೂ ಎದುರುಬದುರು ಕೂತು ನಡೆಸುವ ಮಾತುಕತೆ. ಅಲ್ಲಿನ 1984ರ ಕಾನೂನಿನಂತೆ ಕೇಬಲ್ ಆದಾಯದ ಶೇ. 5ರವರೆಗೆ ಶುಲ್ಕ ಕೇಳಬಹುದು. ನಾಗರಿಕರಿಗೆ, ಶಾಲೆಗಳಿಗೆ ವಾಹಿನಿ ಮೀಸಲಿಡಿ ಎನ್ನಬಹುದು.

ನಮ್ಮ ಚೌಕಾಸಿ ಬಾಗಿಲಲ್ಲೇ ಮುಗಿಯುತ್ತದೆ, ತಿಂಗಳ ಹಣಕ್ಕೆ ಬಂದ ಹುಡುಗನೊಡನೆ. ಪಾಪ, ಅವನ ಕೈಯಲ್ಲೇನಿದೆ? 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗಲೂ ನಾವು ಗೊಣಗಿದ್ದು ಖರ್ಚಿನ ಬಗ್ಗೆಯೇ. ಗ್ರಾಹಕರಾಗಿ ಜಾಣರು, ಬೀದಿಯ ವಾರಸುದಾರರಾಗಿ ಮೂಕರು.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಬಾನುಲಿ ಆರಂಭಿಸಿದ ಊರಿದು. ಇಂದು ಸ್ಥಳೀಯ ಕೇಬಲ್ ವಾಹಿನಿಗಳಿವೆ ನಿಜ. ನಡೆಯುವುದು ಮಾಲೀಕರ ಮರ್ಜಿಯಿಂದ, ಜನರ ಹಕ್ಕಿನಿಂದಲ್ಲ. ವಾರ್ಡಿನ ಸಭೆಗೆ, ಮಕ್ಕಳ ನಾಟಕಕ್ಕೆ ಒಂದು ವಾಹಿನಿ ಬಿಡಿ ಎಂದರೆ ಅತಿಯಾಯಿತೇ? ಸಿಕ್ಕಿದರೂ ದಿನವಿಡೀ ಪುಢಾರಿಗಳ ಹುಟ್ಟುಹಬ್ಬವೇ ಬಂದೀತೆಂಬ ಅಂಜಿಕೆ ನಮಗೂ ಇದೆ. ಆದರೆ ಆ ಜಗಳವನ್ನು ವಾರ್ಡಿನಲ್ಲೇ ಆಡಬಹುದು, ದೆಹಲಿಯವರೆಗೆ ಹೋಗಬೇಕಿಲ್ಲ.